ಯಮುನಕ್ಕನ ಅಂಗಳದ ಕಂಬ

ಬಾಡಿಗೆ ಕೋಣೆ ನೋಡಲು ಹೋದ ದಿನ ನನ್ನ ಕಣ್ಣಿಗೆ ಮೊದಲು ಬಿದ್ದದ್ದು ಕೋಣೆಯಲ್ಲ, ಅಂಗಳದ ನಡುವಿನ ಕಂಬ. ಸಿಮೆಂಟಿನ ಸಣ್ಣ ಕಟ್ಟೆ, ಅದರ ಮೇಲೆ ಬಣ್ಣ ಹೋದ ಕಬ್ಬಿಣದ ಪೈಪು, ತುದಿಯಲ್ಲೊಂದು ರಾಟೆ, ರಾಟೆಯಿಂದ ಇಳಿಬಿದ್ದ ಹಗ್ಗ. ಬಾವುಟ ಮಾತ್ರ ಇರಲಿಲ್ಲ. ಮುಂಡಗೋಡಿನ ನಮ್ಮ ಟಿಬೆಟನ್ ಕ್ಯಾಂಪಿನಲ್ಲಿ ಮನೆಮನೆಯ ಮುಂದೆ ಇಂಥದ್ದೇ ಕಂಬ ಇರುವುದನ್ನು, ಅದರಲ್ಲಿ ಮಂತ್ರ ಅಚ್ಚುಹಾಕಿದ ಬಟ್ಟೆ ಗಾಳಿಗೆ ಪಟಪಟ ಅನ್ನುವುದನ್ನು ನೀವೂ ನೋಡಿರಬಹುದು. ಇಡೀ ದಿನ ಬಸ್ಸಿನಲ್ಲಿ ಕೂತು, ಬೆವರಿ ತೊಪ್ಪೆಯಾಗಿ, ಬಂಟ್ವಾಳದ ಬಿ.ಸಿ.ರೋಡಿನಲ್ಲಿ ಇಳಿದು, ಪಾಣೆಮಂಗಳೂರಿನ ಆ ಮನೆಯವರೆಗೆ ನಡೆದು ಬಂದಿದ್ದ ನನಗೆ ಕಂಬ ಕಂಡು ನೆಂಟರ ಮನೆ ಸಿಕ್ಕಷ್ಟು ಸಮಾಧಾನವಾಯಿತು.

“ಇದು ಯಾವ ದೇವರ ಕಂಬ್ರೀ?” ಎಂದು ಕೇಳಿದೆ.

ಜಗಲಿಯಲ್ಲಿ ಕಾಲು ಚಾಚಿ, ಮಡಿಲಲ್ಲಿ ಮೊರ ಇಟ್ಟುಕೊಂಡು ಬೀಡಿ ಕಟ್ಟುತ್ತಿದ್ದ ಹೆಂಗಸು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಅವರೇ ಮನೆಯೊಡತಿ ಯಮುನಕ್ಕ. “ದೇವರದ್ದಲ್ಲ ಮಾರಾಯ್ತಿ, ಯೂನಿಯನ್‌ದು,” ಅಂದರು. “ಮೇ ಒಂದನೇ ತಾರೀಕಿಗೆ ಕೆಂಪು ಬಾವುಟ ಏರಿಸ್ಲಿಕ್ಕೆ ಉಂಟಲ್ವಾ, ಅದಕ್ಕೆ.”

ಕಂಬದಿಂದ ಎರಡು ಹೆಜ್ಜೆ ಹಿಂದೆ ಸರಿದೆ. ಕೆಂಪು ಬಣ್ಣದ ಮೇಲೆ ನಮಗೇನೂ ಸಿಟ್ಟಿಲ್ಲ. ನಮ್ಮ ಭಿಕ್ಷುಗಳು ಉಡುವುದೇ ಕಡುಗೆಂಪು. ಆದರೆ ಕೋಲಿನ ತುದಿಗೆ ಏರಿದ ಕೆಂಪು ಬೇರೆ. ಆ ಬಾವುಟ ಹಿಡಿದ ಚೀನಾದ ಸೈನ್ಯ ಟಿಬೆಟ್‌ನ ನಮ್ಮ ಊರೊಳಗೆ ಬಂದದ್ದರಿಂದಲೇ ನನ್ನ ಅಜ್ಜಿ ತನ್ನ ಅಪ್ಪನನ್ನು ಕಳೆದುಕೊಂಡು, ಅಮ್ಮನ ಕೈ ಹಿಡಿದು ಹಿಮದ ಬೆಟ್ಟ ದಾಟಿ ಬಂದದ್ದು. ಕೊನೆಗೆ ಮುಂಡಗೋಡಿನ ಕಾಡು ಕಡಿದು ಗೋವಿನಜೋಳ ಬಿತ್ತಿದವರಲ್ಲಿ ಅವಳೂ ಒಬ್ಬಳು. ನಮ್ಮ ಮನೆಯಲ್ಲಿ ಮೇ ಒಂದಕ್ಕೆ ಶಾಲೆಯ ರಜೆ ಇತ್ತು, ಹಬ್ಬ ಇರಲಿಲ್ಲ. ಅಜ್ಜಿ ಆ ದಿನ ಬೆಣ್ಣೆದೀಪ ಹಚ್ಚಿ, ಬಾಗಿಲು ಹಾಕಿಕೊಂಡು ಕೂರುತ್ತಿದ್ದಳು. ಯಾಕೆ ಮೋಲಾ ಎಂದು ಕೇಳಿದರೆ ಸುಮ್ಮನಿರು ಅನ್ನುತ್ತಿದ್ದಳು. ಮೋಲಾ ಅಂದರೆ ನಮ್ಮ ಭಾಷೆಯಲ್ಲಿ ಅಜ್ಜಿ.

ಅಲ್ಲಿಂದಲೇ ವಾಪಸು ಹೋಗಬೇಕಿತ್ತು ಅಂತ ನಿಮಗೆ ಅನ್ನಿಸಬಹುದು. ಆದರೆ ಅದಕ್ಕೆ ಮೊದಲು ನೋಡಿದ ಮನೆಗಳವರು ನನ್ನ ಮುಖ ನೋಡಿದ್ದೇ “ಕೋಣೆ ಕೊಟ್ಟಾಯ್ತಲ್ಲ” ಎಂದು ಬಾಗಿಲು ಎಳೆದುಕೊಂಡಿದ್ದರು. ಮಾರನೇ ದಿನ ಬೆಳಿಗ್ಗೆ ಆಸ್ಪತ್ರೆಯಲ್ಲಿ ನರ್ಸ್ ಕೆಲಸಕ್ಕೆ ಹಾಜರಾಗಬೇಕಿತ್ತು. ಯಮುನಕ್ಕ ಕೇಳಿದ್ದು ಒಂದೇ ಪ್ರಶ್ನೆ.

“ಮೀನು ತಿಂತೀಯಾ?”

“ಕಲೀತೀನ್ರಿ,” ಅಂದೆ.

“ಹಾಗಾದ್ರೆ ಕೋಣೆ ಉಂಟು. ಹೆಸರು ಎಂತ?”

ಪೇಮಾ ಅಂದೆ. ಸಂಜೆಯೊಳಗೆ ಅವರ ಬಾಯಲ್ಲಿ ಪ್ರೇಮಾ ಆಗಿದ್ದೆ. ತಿದ್ದಲು ಹೋಗಲಿಲ್ಲ.

ಇಲ್ಲಿಗೆ ಬಂದ ಹೊಸತರಲ್ಲಿ ನನಗೆ ಸಿಟ್ಟು ಬರದ ದಿನ ಇರಲಿಲ್ಲ. ಬೆವರಿಗೆ ಸಿಟ್ಟು, ಒಣಗದ ಬಟ್ಟೆಗೆ ಸಿಟ್ಟು, “ಸಿಸ್ಟರ್ ನೇಪಾಳದವರಾ?” ಎಂದು ಕೇಳುವ ರೋಗಿಗಳ ಮೇಲೆ ಸಿಟ್ಟು. ಅಲ್ಲ, ಮುಂಡಗೋಡಿನವಳು ಅಂದರೆ “ಅದು ನೇಪಾಳದಲ್ಲಿ ಎಲ್ಲಿ ಬರ್ತದೆ?” ಅನ್ನುತ್ತಾರೆ. ಯಮುನಕ್ಕ ಮೊದಲ ದಿನ ಕೊಟ್ಟ ಕುಚ್ಚಲಕ್ಕಿ ಅನ್ನ ನೋಡಿ, ಅಗುಳು ಇಷ್ಟು ದಪ್ಪ ಇದೆ, ಅರ್ಧ ಬೆಂದಿದೆ ಅಂದುಕೊಂಡು ಕೋಣೆಗೆ ತಂದು ಮತ್ತೆ ಬೇಯಿಸಿದೆ. ಎಷ್ಟು ಬೇಯಿಸಿದರೂ ಅದು ತನ್ನ ಹಟ ಬಿಡಲಿಲ್ಲ. ಈಗ ಅದೇ ಅನ್ನದ ಗಂಜಿ ಇಲ್ಲದಿದ್ದರೆ ಹೊಟ್ಟೆ ತುಂಬಿದಂತೆ ಆಗುವುದಿಲ್ಲ. ನಾನೂ ಸೇಡು ತೀರಿಸಿಕೊಂಡೆ ಅನ್ನಿ. ಉಪ್ಪು, ಬೆಣ್ಣೆ ಹಾಕಿ ಕಡೆದ ನಮ್ಮ ಚಹಾ ಮಾಡಿ ಯಮುನಕ್ಕನಿಗೆ ಕೊಟ್ಟೆ. ಒಂದು ಗುಟುಕು ಕುಡಿದು ಲೋಟದೊಳಗೆ ಇಣುಕಿದರು. “ಇದು ಚಾವಾ, ಸಾರಾ?” ಆದರೂ ಪೂರ್ತಿ ಕುಡಿದು, ಒಂದು ಒಗ್ಗರಣೆ ಬಿದ್ದಿದ್ದರೆ ಊಟಕ್ಕೆ ಆಗುತ್ತಿತ್ತು ಅಂದರು.

ಭಾಷೆಯ ಕಥೆ ಇನ್ನೂ ತಮಾಷೆ. ನಾವು “ಐತಿ” ಅನ್ನುವಲ್ಲಿ ಇವರು “ಉಂಟು” ಅನ್ನುತ್ತಾರೆ. ನಾನು “ಬರ್ತೀನ್ರಿ” ಅಂದರೆ ನಾಟಕದ ಮಾತು ಕೇಳಿದವರ ಹಾಗೆ ನಗುತ್ತಾರೆ. ಮನೆಯೊಳಗೆ ಎಲ್ಲರದ್ದೂ ತುಳು. ಕನ್ನಡವನ್ನು ಶಾಲೆಯ ಪಾಠ ಒಪ್ಪಿಸಿದ ಹಾಗೆ ನಿಧಾನವಾಗಿ, ಒತ್ತಕ್ಷರ ಬಿಡದೆ ಆಡುತ್ತಾರೆ. ನಮ್ಮ ಮನೆಯಲ್ಲಿ ಟಿಬೆಟನ್ ಮಾತು. ಅಪ್ಪ ಹಟ ಹಿಡಿದು ಸರ್ಕಾರಿ ಕನ್ನಡ ಶಾಲೆಗೆ ಹಾಕಿದ್ದರಿಂದ ನನಗೆ ಕನ್ನಡ ಬಂತು. ಯಮುನಕ್ಕನಿಗೂ ನನಗೂ ಕನ್ನಡ ಹೊರಗೆ ಹೋಗುವಾಗ ಹಾಕುವ ಚಪ್ಪಲಿ. ನಾವಿಬ್ಬರೂ ಅದನ್ನೇ ಹಾಕಿಕೊಂಡು ಜಗಲಿಯಲ್ಲಿ ಸಂಜೆಗಟ್ಟಲೆ ಕೂತು ಮಾತಾಡಿದೆವು.

ಒಂಟಿತನ ಕಾಡಿದ ರಜೆಯ ದಿನ ಬಸ್ಸು ಹತ್ತಿ ಮೂಡುಬಿದಿರೆಗೆ ಹೋಗುತ್ತಿದ್ದೆ. ಬಸದಿ ನೋಡಲಿಕ್ಕಲ್ಲ. ಅಲ್ಲಿನ ಕಾಲೇಜುಗಳಿಗೆ ಎಲ್ಲ ಕಡೆಯ ಹುಡುಗರು ಬರುತ್ತಾರಲ್ಲ, ಬಸ್ ನಿಲ್ದಾಣದ ಗದ್ದಲದಲ್ಲಿ ಯಾರಾದರೂ “ಎಲ್ಲಿ ಹೊಂಟೀಯೋ ಲೇ” ಅಂದದ್ದು ಕಿವಿಗೆ ಬಿದ್ದರೆ ಬಸ್ ಚಾರ್ಜು ಹುಟ್ಟಿದಂತೆ. ಅಲ್ಲಿಂದ ವಾಪಸು ಬರುವಾಗಲೇ ಒಂದು ಸಂಜೆ ಬಿ.ಸಿ.ರೋಡಿನಲ್ಲಿ ಬಸ್ಸು ಬದಲಿಸಿ, ಕಂಡಕ್ಟರಿಗೆ “ಒಂಜಿ ಮೆಲ್ಕಾರ್” ಅಂದೆ. ನಮ್ಮ ಮನೆಯ ಹತ್ತಿರದ ಮೆಲ್ಕಾರ್ ಸ್ಟಾಪಿಗೆ ಒಂದು ಟಿಕೆಟ್ ಎಂದು ಅರ್ಥ. ಅವನು ಟಿಕೆಟ್ ಹರಿದು ಕೊಟ್ಟು ಮುಂದೆ ಹೋದ. ತಲೆ ಎತ್ತಿ ನನ್ನ ಮುಖ ನೋಡಲಿಲ್ಲ. ಯಾರೂ ತಲೆ ಎತ್ತಿ ನೋಡದೆ ಹೋಗುವುದು ಎಷ್ಟು ದೊಡ್ಡ ಸನ್ಮಾನ ಅಂತ ನಿಮಗೆ ಹೇಗೆ ಹೇಳಲಿ.

ಯಮುನಕ್ಕನ ತವರು ಬೆಳ್ತಂಗಡಿ ಕಡೆಯ ಒಂದು ಹಳ್ಳಿ. ಅವರ ಅಪ್ಪ ಧನಿಗಳ ಗದ್ದೆಯಲ್ಲಿ ಗೇಣಿಗೆ ದುಡಿಯುತ್ತಿದ್ದ ಒಕ್ಕಲು. ಇಲ್ಲಿ ಧನಿ ಅಂದರೆ ಜಮೀನಿನ ಒಡೆಯ. ಬೆಳೆದ ಭತ್ತ ತಲೆಯ ಮೇಲೆ ಹೊತ್ತು ಧನಿಯ ಮನೆಗೆ ಒಪ್ಪಿಸಬೇಕು, ಆದರೆ ಚಾವಡಿಯ ಮೆಟ್ಟಿಲು ಹತ್ತುವ ಹಾಗಿಲ್ಲ. ಉಳುವವನಿಗೆ ಭೂಮಿ ಎಂಬ ಕಾನೂನು ಬಂದಾಗ ಅರ್ಜಿ ಹಾಕಲು ಅಪ್ಪ ಹೆದರಿದರು. ಧನಿಯ ಕಡೆಯವರು ಗುಡಿಸಲು ಸುಡುತ್ತೇವೆ ಅಂದಿದ್ದರು. ಆಗ ಕೆಂಪು ಬಾವುಟದವರು ಬಂದು ಇವರ ಅಂಗಳದಲ್ಲೇ ಚಾಪೆ ಹಾಸಿ ಹಗಲು ರಾತ್ರಿ ಕಾವಲು ಕೂತರು. ಯಮುನಕ್ಕ ಆಗ ಸಣ್ಣ ಹುಡುಗಿ. ಅವರಿಗೆಲ್ಲ ಗಂಜಿ ಬಡಿಸಿದ್ದು ನೆನಪಿದೆಯಂತೆ.

ಮದುವೆಯಾಗಿ ಪಾಣೆಮಂಗಳೂರಿಗೆ ಬಂದ ಮೇಲೆ ಬೀಡಿ. ನೆನೆಸಿದ ಎಲೆ ಕತ್ತರಿಸಿ, ಹೊಗೆಸೊಪ್ಪಿನ ಪುಡಿ ತುಂಬಿ, ಸುರುಳಿ ಸುತ್ತಿ, ನೂಲು ಬಿಗಿದು, ಬ್ರಾಂಚ್ ಎಂದು ಕರೆಯುವ ಬೀಡಿ ಅಂಗಡಿಗೆ ಒಯ್ದು ಕೊಡಬೇಕು. ಅಲ್ಲಿ ಲೆಕ್ಕ ನೋಡುವವನು ಚೆನ್ನಾಗಿರುವ ಕಟ್ಟುಗಳನ್ನೂ ಸರಿಯಿಲ್ಲವೆಂದು ಮುರಿದು ಎಸೆಯುತ್ತಿದ್ದ ಕಾಲ ಅದು. ಅವನ ಎದುರು ನಿಂತು ಮಾತಾಡಲು ಕಲಿಸಿದ್ದು ಯೂನಿಯನ್. ಗಂಡ ತೀರಿಹೋದ ಮೇಲೆ ಮಗಳಿಗೆ ಮದುವೆ ಮಾಡಿಸಿದ್ದೂ, ತಲೆಯ ಮೇಲೆ ಸೂರು ಉಳಿಸಿದ್ದೂ ಅದೇ ಅನ್ನುತ್ತಾರೆ. ಈಗ ಮೊಣಕಾಲು ಮಡಚಲು ಬರುವುದಿಲ್ಲ, ರಾತ್ರಿ ಕೆಮ್ಮು. ಆದರೂ ಮೇ ಒಂದರಂದು ಆಸುಪಾಸಿನ ಬೀಡಿ ಹೆಂಗಸರೆಲ್ಲ ಅವರ ಅಂಗಳಕ್ಕೇ ಬರಬೇಕು.

ಹೋದ ವರ್ಷ ಏಪ್ರಿಲ್‌ನಲ್ಲಿ ಯಮುನಕ್ಕ ಒಂದು ಹೊಸ ಕೆಂಪು ಬಟ್ಟೆ ತಂದು ನನ್ನ ಮಂಚದ ಮೇಲೆ ಹಾಸಿದರು. ಮೂಲೆಯಲ್ಲಿ ಕುಡುಗೋಲು, ಸುತ್ತಿಗೆಯ ಬಿಳಿ ಅಚ್ಚು. ಅಂಚು ಹೊಲಿದಿರಲಿಲ್ಲ, ನೂಲು ಬಿಟ್ಟುಕೊಳ್ಳುತ್ತಿತ್ತು.

“ನಿನ್ನ ಕೈ ಹೊಲಿಗೆ ಚಂದ ಉಂಟು. ಇದರ ಅಂಚು ಮಡಚಿ ಕೊಡ್ತೀಯಾ ಮಗಾ? ನನಗೆ ಸೂಜಿಯ ಕಣ್ಣು ಕಾಣುವುದಿಲ್ಲ.”

ಬೇಡ ಅನ್ನಬಹುದಿತ್ತು. ಕಾರಣ ಹೇಳಿದ್ದರೆ ಅವರು ಒತ್ತಾಯ ಮಾಡುವವರೂ ಅಲ್ಲ. ಆದರೆ ಜ್ವರ ಬಂದಾಗ ನನ್ನ ಹಣೆಗೆ ಒದ್ದೆ ಬಟ್ಟೆ ಹಾಕಿದ್ದ ಕೈಯೇ ಅದನ್ನು ತಂದು ಹಾಸಿತ್ತು. ಇದು ಚೀನಾದ ಬಾವುಟ ಅಲ್ಲ, ಇದು ಯಮುನಕ್ಕನ ಅನ್ನ ಅಂತ ನನಗೆ ನಾನೇ ಹೇಳಿಕೊಂಡೆ. ಹೊಲಿದುಕೊಟ್ಟೆ. ಮೋಲಾ ಕಲಿಸಿದ ಹೊಲಿಗೆಯಲ್ಲೇ ಹೊಲಿದೆ, ಯಾಕೆಂದರೆ ನನಗೆ ಬರುವುದು ಅದೊಂದೇ. ಎರಡು ಹೆಜ್ಜೆ ಮುಂದೆ, ಒಂದು ಹಿಂದೆ, ಸೂಜಿ ಓರೆ. ಮಂತ್ರದ ಬಟ್ಟೆಗಳಿಗೆ ಹಾಕುವ ಹೊಲಿಗೆ ಅದು, ಎಂಥ ಗಾಳಿಗೂ ಅಂಚು ಹರಿಯುವುದಿಲ್ಲ.

ಅದೇ ತಿಂಗಳ ಕೊನೆಗೆ ಮೋಲಾ ಬಂದಳು. ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಬಲಗಣ್ಣಿನ ಆಪರೇಷನ್ ನನ್ನ ಆಸ್ಪತ್ರೆಯಲ್ಲೇ ಮಾಡಿಸುವುದೆಂದು ನಾನೇ ಹಟ ಮಾಡಿ ಕರೆಸಿದ್ದೆ. ಎಂಬತ್ತರ ಹತ್ತಿರದ ಮುದುಕಿ ನನ್ನ ಕೋಣೆಯಲ್ಲಿ ಜಪಮಾಲೆ ಹಿಡಿದು ಕೂತರೆ ಯಮುನಕ್ಕ ಬಾಗಿಲಲ್ಲಿ ಬೀಡಿಯ ಮೊರ ಹಿಡಿದು ಕೂತರು. ಸ್ವೆಟರ್ ಮಾರಲು ಹುಬ್ಬಳ್ಳಿ, ಬೆಳಗಾವಿ ಸುತ್ತಿದ್ದ ಮೋಲಾಗೆ ನಮ್ಮ ಕಡೆಯ ಕನ್ನಡ ಬರುತ್ತಿತ್ತು. “ಏನವಾ, ಎಷ್ಟ್ ಚಂದ ಸುತ್ತತಿ ನೀ!” ಎಂದು ಬೀಡಿಯನ್ನು ಹೊಗಳಿದಳು. ಯಮುನಕ್ಕ ಅವಳಿಗಾಗಿ ಮೆಣಸು ಕಡಿಮೆ ಹಾಕಿ ಬಂಗುಡೆ ಮೀನಿನ ಸಾರು ಮಾಡಿದರು. ಈ ಮನೆಯನ್ನು ಬಿಟ್ಟು ನಾನು ಎಲ್ಲಿಗೂ ಹೋಗುವುದಿಲ್ಲ ಎಂದು ನನಗೆ ಅನ್ನಿಸಿದ್ದು ಆ ದಿನ.

ಮೇ ಒಂದು ಇನ್ನೊಬ್ಬರಿಗೆ ಏನು ಎಂಬುದನ್ನು ಮಾತ್ರ ನಾನು ಇಬ್ಬರಿಗೂ ಹೇಳಲಿಲ್ಲ. ಹೇಳುವ ಅಗತ್ಯವೇ ಬಾರದಂತೆ ಯೋಜನೆ ಹಾಕಿದ್ದೆ. ಆಪರೇಷನ್ ಹಿಂದಿನ ದಿನ ಆಗುತ್ತದೆ, ಮೇ ಒಂದರಂದು ಸಂಜೆಯವರೆಗೆ ಅವಳು ಆಸ್ಪತ್ರೆಯಲ್ಲೇ ಇರುತ್ತಾಳೆ, ಅಷ್ಟರಲ್ಲಿ ಮೆರವಣಿಗೆ ಮುಗಿದು ಬಾವುಟ ಇಳಿದಿರುತ್ತದೆ. ಕಾರ್ಮಿಕರ ದಿನ ಆಸ್ಪತ್ರೆಯ ಕಣ್ಣಿನ ವಿಭಾಗಕ್ಕೂ ಅರ್ಧ ರಜೆ ಎಂಬುದು ನನ್ನ ತಲೆಗೆ ಹೊಳೆಯಲಿಲ್ಲ. ಡಾಕ್ಟರು ಬೆಳಿಗ್ಗೆ ಬೇಗ ಬಂದು, ಕಣ್ಣಿನ ಪಟ್ಟಿ ಬಿಚ್ಚಿ, ಹನಿ ಹಾಕಿ, “ಎಲ್ಲ ಸರಿ ಉಂಟು, ಈಗಲೇ ಮನೆಗೆ ಕರ್ಕೊಂಡು ಹೋಗಿ” ಅಂದರು. ಇನ್ನೊಂದು ಸ್ವಲ್ಪ ಹೊತ್ತು ಇರಲಿ ಸಾರ್ ಎಂದು ಗೋಗರೆದೆ. ವಾರ್ಡಿಗೆ ಬೀಗ ಹಾಕಲು ಆಯಾ ನಿಂತಿದ್ದಳು.

ರಿಕ್ಷಾದಲ್ಲಿ ಮೋಲಾ ಮಗುವಿನ ಹಾಗೆ ಹೊರಗೆ ನೋಡುತ್ತಿದ್ದಳು. ಪೊರೆ ತೆಗೆದ ಕಣ್ಣಿಗೆ ಬಣ್ಣಗಳು ಕಣ್ಣು ಕುಕ್ಕುವಷ್ಟು ಗಾಢವಾಗಿ ಕಾಣುತ್ತವೆ. “ಎಲೆ ಇಷ್ಟು ಹಸಿರಾ!” ಅನ್ನುತ್ತಿದ್ದಳು. ನಾನು ಮಾತ್ರ ಮೆಲ್ಕಾರ್ ದಾಟುವವರೆಗೂ ಚಾಲಕನಿಗೆ ನಿಧಾನ ಹೋಗಿ, ನಿಧಾನ ಹೋಗಿ ಅನ್ನುತ್ತಿದ್ದೆ.

ಅಂಗಳದ ತುಂಬ ಹೆಂಗಸರು. ಬಾವುಟ ಇನ್ನೂ ಏರಿರಲಿಲ್ಲ, ಯಮುನಕ್ಕನ ತೋಳಿನ ಮೇಲೆ ಮಡಚಿ ಕೂತಿತ್ತು. ನಮ್ಮನ್ನು ಕಂಡು ಸಂಭ್ರಮದಿಂದ ಗೇಟಿಗೇ ಬಂದರು. “ಒಳ್ಳೆ ಹೊತ್ತಿಗೆ ಬಂದ್ರಿ ಅಜ್ಜಿ. ನೋಡಿ, ಇದು ನಿಮ್ಮ ಮೊಮ್ಮಗಳೇ ಹೊಲಿದದ್ದು!” ಎಂದು ಬಟ್ಟೆಯನ್ನು ಅವಳ ಕೈಗೆ ಕೊಟ್ಟರು.

ಮೋಲಾ ಆ ಬಟ್ಟೆಯನ್ನು ಹೊಸ ಕಣ್ಣಿನ ಹತ್ತಿರ ತಂದಳು. ಬಿಳಿ ಅಚ್ಚನ್ನು ನೋಡಿದಳು. ಆಮೇಲೆ ಅಂಚಿನ ಮೇಲೆ ಹೆಬ್ಬೆರಳು ಆಡಿಸಿದಳು. ಎರಡು ಮುಂದೆ, ಒಂದು ಹಿಂದೆ. ತಲೆ ಎತ್ತಿ ನನ್ನನ್ನು ನೋಡಿದಳು. ಆ ನೋಟ ನನ್ನ ಬದುಕಿನಲ್ಲಿ ಇನ್ನೊಮ್ಮೆ ಬೇಡ.

ಏನಾದರೂ ಹೇಳುವಷ್ಟರಲ್ಲಿ ಯಮುನಕ್ಕ ಬಟ್ಟೆಯನ್ನು ತೆಗೆದುಕೊಂಡು ಹೋಗಿ ಹಗ್ಗಕ್ಕೆ ಕಟ್ಟಿದರು. ಬಾವುಟ ಏರಿತು. “ಇಂಕ್ವಿಲಾಬ್ ಜಿಂದಾಬಾದ್” ಎಂದು ಒಬ್ಬರು ಕೂಗಿದರು, ಎಲ್ಲರ ಮುಷ್ಟಿಗಳು ಒಟ್ಟಿಗೆ ಮೇಲೆದ್ದವು. ಮೋಲಾ ನನ್ನ ಕೈ ಕೊಡವಿಕೊಂಡಳು. ಸೊಂಟದಿಂದ ಬಗ್ಗಿದಳು. ತಲೆ ಮೊಣಕಾಲಿನ ಮಟ್ಟಕ್ಕೆ ಬಂತು, ಎರಡೂ ಕೈ ಬೆನ್ನ ಹಿಂದಕ್ಕೆ ಹೋದವು. ಕಣ್ಣಿನ ಆಪರೇಷನ್ ಆದವರು ಬಗ್ಗಲೇಬಾರದು. ನಾನು ಎತ್ತಲು ಹೋದರೆ ಕಲ್ಲಿನ ಹಾಗೆ ಬಿಗಿದುಕೊಂಡಿದ್ದಳು.

“ಅಜ್ಜಿಯ ಭಕ್ತಿ ನೋಡಿ!” ಅಂದಳು ನಮ್ಮ ಪಕ್ಕದಲ್ಲಿದ್ದ ಹೆಂಗಸು. ಮೋಲಾ ಬಾವುಟಕ್ಕೆ ನಮಸ್ಕಾರ ಮಾಡುತ್ತಿದ್ದಾಳೆ ಎಂದು ಎಲ್ಲರೂ ಅಂದುಕೊಂಡಿದ್ದರು. ಒಂದಿಬ್ಬರು ಚಪ್ಪಾಳೆಯನ್ನೂ ತಟ್ಟಿದರು. ಚಪ್ಪಾಳೆ ಕೇಳಿದ್ದೇ ಮೋಲಾ ಇನ್ನಷ್ಟು ಬಗ್ಗಿದಳು.

ಹೇಗೋ ತಬ್ಬಿಕೊಂಡು ಒಳಗೆ ಕರೆತಂದೆ. ಮಂಚದ ಮೇಲೆ ಕೂತವಳೇ ತನ್ನ ಚೀಲಕ್ಕೆ ಬಟ್ಟೆ ತುಂಬತೊಡಗಿದಳು. ಹೊರಗೆ ಅವಲಕ್ಕಿ, ಚಾ ಹಂಚಿ ಮುಗಿಸಿ ಯಮುನಕ್ಕ ಬಾಗಿಲಿಗೆ ಬಂದರು.

“ಎಂತ ಆಯ್ತು ಅಜ್ಜಿಗೆ? ಕಣ್ಣು ನೋಯ್ತದಾ?”

ನಾನೇ ಹೇಳಿದೆ. ಟಿಬೆಟ್‌ನಲ್ಲಿ ಈ ಬಾವುಟದವರೇ ಅವಳ ಅಪ್ಪನನ್ನು ಕೊಂದದ್ದು, ಅವಳನ್ನು ಊರು ಬಿಡಿಸಿದ್ದು ಎಂದೆ. ನನ್ನ ದನಿ ಏರಿತ್ತು. ಇಷ್ಟು ದಿನ ಬಾಯಿ ಮುಚ್ಚಿಕೊಂಡಿದ್ದವಳು ನಾನೇ, ಆದರೂ ತಪ್ಪೆಲ್ಲ ಅವರದ್ದು ಅನ್ನುವ ಹಾಗೆ ಮಾತಾಡಿದೆ.

ಯಮುನಕ್ಕ ಬಾಗಿಲಿನ ಚೌಕಟ್ಟು ಹಿಡಿದು ನಿಂತು ಕೇಳಿದರು. “ಹಾಗಾದ್ರೆ ನಿಮ್ಮವರು ಧನಿಗಳಾ?”

ನನ್ನ ಕೆನ್ನೆಗೆ ಹೊಡೆದಂತಾಯಿತು. ಉತ್ತರ ಕೊಟ್ಟದ್ದು ಮೋಲಾ. “ಹೌದವಾ. ನಮ್ಮಪ್ಪಗ ಹೊಲ ಇತ್ತು. ಮನ್ಯಾಗ ಇಬ್ರು ಆಳು ಇದ್ರು.”

“ನನ್ನ ಅಪ್ಪ ಅಂಥವರ ಮನೆಯ ಆಳು,” ಅಂದರು ಯಮುನಕ್ಕ. ದನಿ ತಣ್ಣಗಿತ್ತು. “ದಿನಾ ತಲೆ ಬಗ್ಗಿಸಿಯೇ ನಿಂತದ್ದು. ಅದನ್ನು ಯಾರೂ ಕೇಳ್ಲಿಕ್ಕೆ ಬರ್ಲಿಲ್ಲ. ಧನಿ ಒಂದು ದಿನ ತಲೆ ಬಗ್ಗಿಸಿದ್ರೆ ಅದು ಲೋಕಕ್ಕೆಲ್ಲ ದೊಡ್ಡ ಕಥೆ.”

“ಯಮುನಕ್ಕ, ಸಾಕು ಮಾಡ್ರಿ,” ಎಂದು ನಾನು ಎದ್ದೇ ನಿಂತೆ. ಮೋಲಾಳ ಚೀಲದ ಪಕ್ಕದಲ್ಲಿ ನನ್ನ ಚೀಲವನ್ನೂ ಇಡಬೇಕು, ಇವತ್ತೇ ಈ ಮನೆ ಬಿಡಬೇಕು ಎಂದು ತೀರ್ಮಾನಿಸಿಯಾಗಿತ್ತು. ಮೋಲಾ ನನ್ನ ಸೆರಗು ಹಿಡಿದು ಕೂರಿಸಿದಳು. ನನಗೆ ಯಾವತ್ತೂ ಹೇಳದೆ ಇದ್ದದ್ದನ್ನು ಆ ಬಾಗಿಲಲ್ಲಿ ನಿಂತ ಹೆಂಗಸಿಗೆ ಹೇಳಿದಳು. ಕನ್ನಡ ಸಾಲದ ಕಡೆ ಟಿಬೆಟನ್‌ನಲ್ಲಿ ಹೇಳಿದ್ದನ್ನು ನಾನು ಕನ್ನಡ ಮಾಡಿದೆ.

ಆಗ ಅವಳು ಹನ್ನೊಂದು ಹನ್ನೆರಡರ ಹುಡುಗಿ. ಕೆಲಸಗಾರರ ಹಬ್ಬದ ದಿನವೆಂದು ಊರಿನವರನ್ನೆಲ್ಲ ಬಯಲಿನಲ್ಲಿ ಸೇರಿಸಿದರು. ಕಂಬಕ್ಕೆ ಕೆಂಪು ಬಾವುಟ ಏರಿಸಿದರು. ಅವಳ ಅಪ್ಪನನ್ನು ನಡುವೆ ಬಗ್ಗಿಸಿ ನಿಲ್ಲಿಸಿ, ಕೈಗಳನ್ನು ಹಿಂದಕ್ಕೆ ತಿರುಚಿದರು. ಇಂಥ ಸಭೆಗೆ ನಮ್ಮ ಭಾಷೆಯಲ್ಲಿ ಥಾಮ್ಜಿಂಗ್ ಅನ್ನುತ್ತಾರೆ. ಮೊದಲು ಹೊಡೆಯಬೇಕಾದವರು ಮನೆಯ ಆಳುಗಳು. ಪಾಸಾಂಗ್ ಎಂಬ ಆಳು ಮೋಲಾಳನ್ನು ಬೆನ್ನ ಮೇಲೆ ಹೊತ್ತು ಆಡಿಸಿದವನು, ಅವಳ ಜಡೆ ಹೆಣೆದವನು. ಅವನು ಅಳುತ್ತಾ ಹೊಡೆದ. ಮೆಲ್ಲಗೆ ಹೊಡೆದನೆಂದು ಸೈನಿಕರು ಅವನಿಗೂ ಹೊಡೆದರು. ಪ್ರತಿ ಏಟಿಗೂ ಊರಿನವರು ಮುಷ್ಟಿ ಎತ್ತಿ ಕೂಗಬೇಕು, ಚಪ್ಪಾಳೆ ತಟ್ಟಬೇಕು. ಮೋಲಾಳ ಅಮ್ಮ ಮಗಳ ಕೈ ಹಿಡಿದು ತಾನೇ ಮೇಲಕ್ಕೆ ಎತ್ತಿಸಿದಳು, ಎತ್ತದಿದ್ದರೆ ಮುಂದಿನ ಸರದಿ ಇವರದ್ದು. ಬಗ್ಗಿ ನಿಂತಿದ್ದ ಅಪ್ಪ ಮತ್ತೆ ನೆಟ್ಟಗಾಗಲಿಲ್ಲ.

ಯಮುನಕ್ಕನ ಮುಖ ಇನ್ನೂ ಬಿಗಿಯಾಗಿಯೇ ಇತ್ತು.

“ಪಾಸಾಂಗ್‌ಗ ನಾವು ಕೊಟ್ಟಿದ್ದು ಕಡಿಮೀನ ಅವಾ,” ಅಂದಳು ಮೋಲಾ. “ಒಲಿ ಮುಂದ ಮಲಗ್ತಿದ್ದ. ನಮ್ಮ ಹಳೇ ಅರಿವಿ ಹಾಕ್ತಿದ್ದ. ನಿಂದು ಸಿಟ್ಟು ನನಗ ತಿಳೀತೈತಿ. ನಮ್ಮ ಹೊಲ ಅವನಿಗೇ ಕೊಟ್ರು. ಅವ ಭಾಳ ಖುಷಿ ಪಟ್ಟಿರಬೇಕು.”

“ಮತ್ತೆ?” ಎಂದು ಯಮುನಕ್ಕ ಕೇಳಿದರು.

“ಒಂದ್ ಬೆಳಿ ಬೆಳದ. ಆಮ್ಯಾಲ ಹೊಲ ಎಲ್ಲಾರದು ಅಂತ ಅವನ ಕೈಯಿಂದನೂ ಕಸಗೊಂಡ್ರು. ಬೆಳದ ಕಾಳು ಲಾರ್‍ಯಾಗ ತುಂಬ್ಕೊಂಡ್ ಹೋದ್ರು. ಕೆಲಸದವರ ಸರ್ಕಾರ, ಕೆಲಸದವರ ಹಬ್ಬ, ಪಾಸಾಂಗ್ ಮಾತ್ರ ಉಪವಾಸ. ಹಿಂದಿಂದ ಗುಡ್ಡ ದಾಟಿ ಬಂದ ನಮ್ಮೂರ ಮಂದಿ ಹೇಳಿದ್ರು. ಕಾಲಾಗಿನ ಬೂಟಿನ ತೊಗಲು ಕುದಿಸಿ ತಿಂದನಂತ. ಅದೂ ಮುಗದ ಮ್ಯಾಲ ಸತ್ತನಂತ.”

ಹೊರಗಿನಿಂದ ಯಾರೋ ಮೆರವಣಿಗೆಗೆ ಹೊತ್ತಾಯಿತು ಎಂದು ಕೂಗಿದರು. ಯಮುನಕ್ಕ ಸೀರೆ ಸರಿಮಾಡಿಕೊಂಡು ಹೊರಟರು. ಹೋಗುವುದಿಲ್ಲ ಅನ್ನುತ್ತಾರೇನೋ ಎಂದು ನಾನು ಕಾದಿದ್ದೆ. ಹೋದರು. ಬಿ.ಸಿ.ರೋಡಿನಲ್ಲಿ ಎಲ್ಲರಿಗಿಂತ ಮುಂದೆ ನಡೆದರು ಎಂದು ಆಮೇಲೆ ಗೊತ್ತಾಯಿತು. ಆ ದಿನವೆಲ್ಲ ನಾನು ಕುದಿಯುತ್ತಾ ಕೂತಿದ್ದೆ. ಮೋಲಾ ಗಂಜಿಯನ್ನೂ ಮುಟ್ಟಲಿಲ್ಲ.

ಸಂಜೆ ಬಿಸಿಲು ಇಳಿಯುವ ಹೊತ್ತಿಗೆ ಯಮುನಕ್ಕ ವಾಪಸಾದರು. ಸೀದಾ ಕಂಬದ ಹತ್ತಿರ ಹೋಗಿ ಬಾವುಟ ಇಳಿಸಿದರು. ಜಗಲಿಯಲ್ಲಿ ಕೂತು, ಬೀಡಿ ಎಲೆ ಕತ್ತರಿಸುವ ಕತ್ತರಿಯ ತುದಿಯಿಂದ ಅಂಚಿನ ಹೊಲಿಗೆಯನ್ನು ಒಂದೊಂದಾಗಿ ಬಿಚ್ಚತೊಡಗಿದರು. ಕಣ್ಣು ಕಾಣದೆ ಬಟ್ಟೆಯನ್ನು ಮೂಗಿಗೆ ತಾಗಿಸಿಕೊಂಡಿದ್ದರು.

“ಎಂತ ಮಾಡ್ತಿದ್ದೀರಿ?” ಎಂದು ಕೇಳಿದೆ.

“ಬಾವುಟ ನನ್ನದು. ಅದನ್ನು ನಾನು ಬಿಡುವುದಿಲ್ಲ, ನೀನು ಏನೇ ತಿಳ್ಕೊ. ಅದು ಇಲ್ಲದಿದ್ರೆ ನಾನು ಇವತ್ತು ಯಾರದ್ದೋ ಅಂಗಳ ಗುಡಿಸ್ತಿದ್ದೆ.” ನೂಲು ಎಳೆದು ತೆಗೆದರು. “ಆದ್ರೆ ನಿನ್ನ ಅಜ್ಜಿ ಕಲಿಸಿದ ಹೊಲಿಗೆ ಇದರಲ್ಲಿ ಇರ್ಲಿಕ್ಕೆ ಆಗುವುದಿಲ್ಲ. ನನ್ನ ಬಾವುಟ ನಾನೇ ಹೊಲಿತೇನೆ.”

ಬಿಚ್ಚಿದ ಮೇಲೆ ಬೀಡಿ ಕಟ್ಟುವ ನೂಲನ್ನೇ ತೆಗೆದುಕೊಂಡರು. ಸೂಜಿಗೆ ಪೋಣಿಸಲು ನೋಡಿದರು, ಆಗಲಿಲ್ಲ. ನಾನು ಕೈ ಚಾಚಲಿಲ್ಲ. ಒಳಗಿನಿಂದ ಮೋಲಾ ಬಂದಳು, ಪಕ್ಕದಲ್ಲಿ ಕೂತಳು, ಸೂಜಿ ಇಸಿದುಕೊಂಡು ಬಲಗಣ್ಣಿನ ಹತ್ತಿರ ಹಿಡಿದು ಒಂದೇ ಸಲಕ್ಕೆ ಪೋಣಿಸಿ ಕೊಟ್ಟಳು. ಬಟ್ಟೆಯನ್ನು ಮಾತ್ರ ಮುಟ್ಟಲಿಲ್ಲ.

“ಈ ದಾರ ಗಾಳಿಗೆ ತಡಿಯೂದಿಲ್ಲವಾ,” ಅಂದಳು.

“ಹರಿದ್ರೆ ಪುನಃ ಹೊಲಿತೇನೆ ಅಜ್ಜಿ.”

ಮೋಲಾ ಎದ್ದು ಒಳಗೆ ಹೋಗುತ್ತಾ, ಹಸಿವಾಗಿದೆ ಅಂದಳು. ಮಾರನೇ ವಾರ ಡಾಕ್ಟರಿಗೆ ತೋರಿಸಿಕೊಂಡೇ ಊರಿಗೆ ಹೋದಳು. ನಾನು ಕೋಣೆ ಬಿಡಲಿಲ್ಲ. ಬಿಟ್ಟು ಹೋಗಿದ್ದರೆ ಸುಲಭವಾಗುತ್ತಿತ್ತು. ಎಷ್ಟೋ ದಿನ ನಾನೂ ಯಮುನಕ್ಕನೂ ಸಾರು, ಮೀನು, ಕರೆಂಟು ಬಿಟ್ಟು ಬೇರೆ ಮಾತಾಡಲಿಲ್ಲ.

ಈ ವರ್ಷ ಮೇ ತಿಂಗಳು ಹತ್ತಿರವಾದಾಗ ಒಂದು ಮಧ್ಯಾಹ್ನ ಯಮುನಕ್ಕ ಮೊರದಿಂದ ತಲೆ ಎತ್ತದೆ ಕೇಳಿದರು. “ಆ ಆಳಿನ ಹೆಸರು ಎಂತದ್ದು?”

“ಪಾಸಾಂಗ್.”

ಎರಡು ಮೂರು ಸಲ ಬಾಯಲ್ಲಿ ಹೊರಳಿಸಿ ಕಲಿತರು.

ಬಾವುಟ ಏರಿಸಿದ ಮೇಲೆ ಇವರಲ್ಲಿ ಒಂದು ಪದ್ಧತಿ ಇದೆ. ತೀರಿಹೋದ ಬೀಡಿ ಕೆಲಸದವರ, ಹೋರಾಟದಲ್ಲಿ ಸತ್ತವರ ಹೆಸರು ಹೇಳಿ ಎಲ್ಲರೂ ತಲೆ ತಗ್ಗಿಸಿ ಸ್ವಲ್ಪ ಹೊತ್ತು ಮೌನವಾಗಿ ನಿಲ್ಲುತ್ತಾರೆ. ಈ ಮೇ ಒಂದರಂದು ನಾನು ಗೇಟಿನ ಹತ್ತಿರ ನಿಂತಿದ್ದೆ, ಒಳಗೂ ಅಲ್ಲ, ಹೊರಗೂ ಅಲ್ಲ. ಯಮುನಕ್ಕ ಹೆಸರುಗಳನ್ನೆಲ್ಲ ಹೇಳಿ ಮುಗಿಸಿ, ಉಸಿರು ತೆಗೆದುಕೊಂಡು, “ಪಾಸಾಂಗ್” ಅಂದರು.

ಮೇಲಿನ ಕಮಿಟಿಯಿಂದ ಬಂದಿದ್ದ ಒಬ್ಬರು ಹುಬ್ಬು ಗಂಟು ಹಾಕಿದರು. “ಅದು ಯಾರು ಯಮುನಕ್ಕ? ಪಟ್ಟಿಯಲ್ಲಿ ಇಲ್ಲವಲ್ಲ.”

“ಒಬ್ಬ ಕೆಲಸದ ಆಳು. ಕೆಂಪು ಬಾವುಟದ ಅಡಿಯಲ್ಲೇ ಹಸಿದು ಸತ್ತದ್ದು. ನಮ್ಮವನೇ.”

“ಇಂಥದ್ದೆಲ್ಲ ನಮ್ಮ ಮೇಲೆ ಹುಟ್ಟಿಸಿದ ಕಥೆಗಳು. ನೀವು ಹೀಗೆ ಎಲ್ಲರ ಎದುರು ಹೇಳಿದ್ರೆ ಹೇಗೆ?”

“ಸತ್ತವನ ಹೆಸರು ಹೇಳ್ಲಿಕ್ಕೂ ಕೇಳ್ಬೇಕಾ? ನನ್ನ ಅಂಗಳದಲ್ಲಿ?” ಯಮುನಕ್ಕ ಅವರ ಕಡೆ ನೋಡಲೇ ಇಲ್ಲ. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡು ತಲೆ ತಗ್ಗಿಸಿದರು. ಕಮಿಟಿಯಿಂದ ಬಂದವರು ಮಾತ್ರ ತಗ್ಗಿಸಲಿಲ್ಲ. ಯಮುನಕ್ಕ ನನ್ನ ಕಡೆ ತಿರುಗಿ ಮೆಲ್ಲಗೆ ಹೇಳಿದರು. “ಧನಿಯ ಹೆಸರು ನನ್ನ ಬಾಯಲ್ಲಿ ಬರುವುದಿಲ್ಲ ಮಗಾ. ಅದು ನೀನೇ ಹೇಳಿಕೊ.”

ನನ್ನ ಮುತ್ತಜ್ಜನ ಹೆಸರು ತ್ಸೆರಿಂಗ್. ಆ ಮೌನದಲ್ಲಿ ಅದನ್ನು ಹೇಳಿದೆ, ತುಟಿ ಅಲುಗದ ಹಾಗೆ. ಮೌನ ಮುಗಿದು ಮುಷ್ಟಿಗಳು ಮೇಲೆದ್ದವು. ನನ್ನದು ಏಳಲಿಲ್ಲ. ಚಹಾದ ಹಂಡೆ ಹೊರಲು ಮಾತ್ರ ಓಡಿ ಹೋದೆ.

ಮಧ್ಯಾಹ್ನ ಮೋಲಾ ಫೋನ್ ಮಾಡಿದಳು. ಬೆಣ್ಣೆದೀಪ ಹಚ್ಚಿ ಕೂತಿದ್ದಳಂತೆ. ನಡೆದದ್ದನ್ನೆಲ್ಲ ಹೇಳಿದೆ. ಪಾಸಾಂಗ್‌ನ ಹೆಸರನ್ನು ಇನ್ನೊಮ್ಮೆ ಹೇಳಿಸಿಕೊಂಡಳು.

“ಮತ್ತೆ ನನ್ನ ಅಪ್ಪನದು?”

“ನಾನು ಹೇಳಿದೆ ಮೋಲಾ.”

“ಎಲ್ಲರಿಗೂ ಕೇಳುವ ಹಾಗಾ?”

“ಇಲ್ಲ. ಮನಸ್ಸಿನಲ್ಲೇ.”

“ಇರಲಿ ಬಿಡು,” ಅಂದಳು. “ಅದು ಅವರ ಅಂಗಳ ಅಲ್ಲವಾ.”

ಹೌದು ಅನ್ನಬೇಕಿತ್ತು. ಎರಡು ವರ್ಷದಿಂದ ದಿನಾ ಬೆಳಿಗ್ಗೆ ಆ ಅಂಗಳ ಗುಡಿಸುತ್ತಾ, ಆಸ್ಪತ್ರೆಯಲ್ಲಿ ಎಲ್ಲರ ಎದುರು ಅದನ್ನು ನಮ್ಮ ಅಂಗಳ ಅನ್ನುತ್ತಾ ಬಂದ ನನಗೆ ಅದು ಅವರ ಅಂಗಳ ಅನ್ನಲು ಬಾಯಿ ಬರಲಿಲ್ಲ.